ಸೂಡಿ ಜೋತುಬಿದ್ದು ನೋಡಿದ ಮೇಲೆಯೇ ದೋಣಿ ಹೊರಡಬೇಕು

ಮೀನುಗಾರರ ಊರು ಶಿಮೋನಿಯ ದಕ್ಕೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಒಬ್ಬರು ದೋಣಿಯ ಅಂಚಿನಿಂದ ನೀರಿನ ಮೇಲೆ ಜೋತಾಡುತ್ತಿರುತ್ತಾರೆ. ಹೊಸಬರು ಗಾಬರಿಬಿದ್ದು ಕೂಗುತ್ತಾರೆ. ಊರವರು ತಿರುಗಿಯೂ ನೋಡುವುದಿಲ್ಲ. ಅವರು ಫುಂಡಿ ಸೂಡಿ, ಫುಂಡಿ ಎಂದರೆ ಇಲ್ಲಿ ಕಸುಬುದಾರ ಮೇಸ್ತ್ರಿ. ದೋಣಿಯ ಅಂಚಿಗೆ ತಾವು ಕೂರಿಸಿದ ಕೊಳವೆಗೆ ಮೋಟು ಕೋಲು ಸಿಗಿಸಿ, ಅದಕ್ಕೆ ಹಗ್ಗ ಕಟ್ಟಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನೋಡುವುದು ಅವರ ಪರೀಕ್ಷೆ.

ಈ ಕಡಲಲ್ಲಿ ದೊಡ್ಡ ಮೀನು ಹಿಡಿಯುವುದು ಓಡುವ ದೋಣಿಯ ಹಿಂದೆ ಗಾಳ ಎಳೆದು. ಅಷ್ಟು ಹೊತ್ತು ಗಾಳದ ಕೋಲನ್ನು ಕೈಯಲ್ಲಿ ಹಿಡಿದು ಕೂರಲು ಯಾರಿಂದಲೂ ಆಗದು. ಹಿಡಿದು ನಿಲ್ಲುವುದು ಅಂಚಿನ ಕೊಳವೆ, ಅಂಗಡಿಯವರ ಬಾಯಲ್ಲಿ ರಾಡ್ ಹೋಲ್ಡರ್. ಪ್ಲಾಸ್ಟಿಕ್ಕಿನದನ್ನು ಸೂಡಿ ಮುಟ್ಟುವುದೂ ಇಲ್ಲ, ಬಿಸಿಲಿಗೆ ಸೀಳುತ್ತದೆ ಎನ್ನುತ್ತಾರೆ. ತುಕ್ಕು ಹಿಡಿಯದ ಉಕ್ಕಿನದೇ ಬೇಕು, ತಳದಲ್ಲಿ ಅಡ್ಡಕಡ್ಡಿ ಇರಬೇಕು, ಇಲ್ಲದಿದ್ದರೆ ಮೀನು ಎಳೆದಾಗ ಕೋಲು ಗಿರ್ರನೆ ತಿರುಗುತ್ತದೆ. ಪಕ್ಕದ ಕೊಳವೆಗಳು ಹೊರಕ್ಕೆ ಬಾಗಿರಬೇಕು, ಹಿಂದಿನವು ನೆಟ್ಟಗಿರಬೇಕು. ದೋಣಿ ತಿರುಗಿದಾಗ ದಾರಕ್ಕೆ ದಾರ ಸುತ್ತಿಕೊಳ್ಳಬಾರದಲ್ಲ.

"ಸ್ಕ್ರೂ ಹೊಡೆದು ಹೋಗೋದು ಯಾರಿಗಾದ್ರೂ ಬರತ್ತೆ. ನಂದು ಬೋಲ್ಟು. ಹಲಗೆ ದಾಟಿ ಕೆಳಗೆ ಬರ್ಬೇಕು, ಅಲ್ಲಿ ತಗಡು ಕೊಟ್ಟು ನಟ್ಟು ಬಿಗೀಬೇಕು. ಮೀನಿಗೆ ಕೊಳವೆ ಬೇಕು ಅಂದ್ರೆ ದೋಣೀನೇ ಕಿತ್ಕೊಂಡು ಹೋಗ್ಲಿ," ಎನ್ನುತ್ತಾರೆ ಸೂಡಿ.

ಬಿಗಿಯುವುದು ಎರಡು ಸಲ. ಮೊದಲ ದಿನ ಅಂಟು ಹಚ್ಚಿ ನಟ್ಟನ್ನು ಬೆರಳಲ್ಲಷ್ಟೇ ತಿರುವಿ ಬಿಡುತ್ತಾರೆ. ಅಂಟು ರಾತ್ರಿಯೆಲ್ಲ ಆರಿ ಅರೆಗಟ್ಟಿಯಾದ ಮೇಲೆ, ಬೆಳಿಗ್ಗೆ ಪಾನಾ ಹಾಕಿ ಪೂರ್ತಿ ಬಿಗಿಯುತ್ತಾರೆ. ಒಮ್ಮೆಗೇ ಬಿಗಿದರೆ ಅಂಟೆಲ್ಲ ಹಿಂಡಿ ಹೊರಬಂದು ಹಲಗೆಯೊಳಗೆ ನೀರಿಳಿಯುತ್ತದೆ. ಹಾಗಾಗಿ ಆ ಒಂದು ರಾತ್ರಿ ಕೊಳವೆ ನೋಡುವವರ ಕಣ್ಣಿಗೆ ಗಟ್ಟಿ, ನಿಜದಲ್ಲಿ ಸಡಿಲ.

ನಾನು ಈ ಬರಹಕ್ಕೆಂದು ಅವರ ಜೊತೆ ಕೂತ ಬೆಳಿಗ್ಗೆ ಸೂಡಿ ಒಂದು ದೋಣಿಯ ಹೊಟ್ಟೆಯೊಳಗೆ ಅಂಗಾತ ಮಲಗಿ ನಟ್ಟು ಬಿಗಿಯುತ್ತಿದ್ದಾರೆ. ಹೊರಗೆ ಎಂಜಿನ್ ಸದ್ದು.

"ಯಾವ ದೋಣಿ ಅದು?"

"ಸಲಾಮ," ಎನ್ನುತ್ತೇನೆ.

ಢಣ್ ಎಂದು ತಲೆ ಬಡಿದುಕೊಂಡು ಹೊರಬರುತ್ತಾರೆ. 'ಸಲಾಮ' ದೋಣಿ ಇನ್ನೂ ತಡವಾಗಿ ಹೊರಡಬೇಕಿತ್ತು. ದುಡ್ಡು ಕೊಟ್ಟು ಗಾಳ ಹಾಕಲು ಬರುವ ಗಿರಾಕಿಗಳು ಬೇಗ ಬಂದರೆಂದು ನಹೋದಾ ದರ್ವೇಶಿ, ಅಂದರೆ ಅದರ ಕಪ್ತಾನ, ಕಡಲಿನ ಇಳಿತ ಹಿಡಿದು ಹೊರಟೇಬಿಟ್ಟಿದ್ದಾನೆ. ಅದರ ಎಡಬದಿಯ ಕೊಳವೆಗೆ ನಿನ್ನೆ ಸಂಜೆಯಷ್ಟೇ ಅಂಟು ಹಚ್ಚಿದ್ದು. ಆ ಕೊಳವೆಯ ಪಕ್ಕದಲ್ಲೇ ನಿಂತು ಕೆಲಸ ಮಾಡುವವನು ಸೂಡಿಯ ಒಬ್ಬನೇ ಮಗ ತವಕಲಿ.

ಹೊರಟ ದೋಣಿಯನ್ನು ಹಿಂದಿನಿಂದ ಕರೆಯಬಾರದು. ಇಲ್ಲಿ ಹೆಂಡತಿಯರೂ ಕರೆಯುವುದಿಲ್ಲ, ಊಟದ ಡಬ್ಬಿ ಮರೆತಿದ್ದರೂ ಮರೆತ ಹಾಗೆಯೇ. ಸೂಡಿ ಒಂದು ಕ್ಷಣ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಗಂಟಲು ಹರಿಯುವಂತೆ ಕೂಗುತ್ತಾರೆ. ದಕ್ಕೆಯ ಮೇಲಿದ್ದವರೆಲ್ಲ ಬೆಚ್ಚಿ ನೋಡುತ್ತಾರೆ. ಎಂಜಿನ್ ಸದ್ದಿನಲ್ಲಿ ಅತ್ತ ಏನೂ ಕೇಳಿಸುವುದಿಲ್ಲ. ಅಪ್ಪ ಬೀಳ್ಕೊಡುತ್ತಿದ್ದಾರೆಂದು ತವಕಲಿ ನಗುತ್ತಾ ಕೈ ಬೀಸುತ್ತಾನೆ.

ಬೆನ್ನಟ್ಟಿ ಹಿಡಿಯುವಷ್ಟು ವೇಗದ ದೋಣಿ ದಕ್ಕೆಯಲ್ಲಿಲ್ಲ. ಫೋನ್ ಹಚ್ಚುವಷ್ಟರಲ್ಲಿ 'ಸಲಾಮ' ಎದುರಿನ ದ್ವೀಪ ದಾಟಿದೆ, ಅದರಾಚೆ ಮೊಬೈಲ್ ಸಿಗುವುದಿಲ್ಲ. ದಕ್ಕೆಯ ರೇಡಿಯೊದಲ್ಲಿ ಎಷ್ಟು ಕರೆದರೂ ಉತ್ತರವಿಲ್ಲ. ಮೀನು ಸಿಕ್ಕುವ ಜಾಗ ಬೇರೆಯವರಿಗೆ ಗೊತ್ತಾಗಬಾರದೆಂದು ರೇಡಿಯೊ ಆರಿಸಿಟ್ಟುಕೊಳ್ಳುವ ಆಸಾಮಿ ದರ್ವೇಶಿ. ಅವನಿಗೆ ನಾನು ಅಂದು ಶಾಪ ಹಾಕಿದಷ್ಟು ಯಾರಿಗೂ ಹಾಕಿಲ್ಲ.

ಮಹಮ್ರಿ ಎಂಬ ಕರಿದ ಸಿಹಿರೊಟ್ಟಿ, ತೆಂಗಿನ ಹಾಲಲ್ಲಿ ಬೆಂದ ತೊಗರಿ ಮುಂದಿಟ್ಟರೆ ಸೂಡಿ ತಟ್ಟೆ ಸರಿಸುತ್ತಾರೆ. ಅವರ ಅಣ್ಣ ಕಡಲಲ್ಲಿ ಹೋದದ್ದು ಇಂಥ ಸಡಿಲ ಕೊಳವೆಯಿಂದಲೇ. ಯಾರೋ ಸ್ಕ್ರೂ ಹೊಡೆದಿದ್ದ ಕೊಳವೆ, ದೊಡ್ಡ ಮೀನು ಕಚ್ಚಿದ ಏಟಿಗೆ ಬುಡಸಮೇತ ಕಿತ್ತು ಬಂತು. ಕೋಲು ಬೀಸಿ ಹೊಡೆಯಿತು, ದಾರ ಕೈಗೆ ಸುತ್ತಿತು, ಅಣ್ಣ ನೀರಿಗೆ ಬಿದ್ದರು. ದೇಹ ಸಿಗಲಿಲ್ಲ. ಅಂದಿನಿಂದ ಸೂಡಿ ಕಡಲಿಗೆ ಹೋಗುವುದನ್ನು ಬಿಟ್ಟು ಕೊಳವೆ ಕೂರಿಸತೊಡಗಿದರು.

"ನನ್ನ ಮಗಂಗೆ ಹೆದರಿಕೆನೇ ಇಲ್ಲ. ನಮ್ಮ ಬಾಬಾ ಬೋಲ್ಟಿಗೂ ದುವಾ ಓದ್ತಾನೆ ಅಂತ ಹುಡುಗರ ಮುಂದೆ ಆಡ್ಕೋತಾನೆ. ಅಣ್ಣನೂ ಹಿಂಗೇ ಇದ್ದ," ಎಂದು ಹೇಳಿ ಕಡಲ ಕಡೆ ನೋಡುತ್ತಾರೆ. ಮಧ್ಯಾಹ್ನದ ಆಜಾನ್ ಕೇಳಿದರೂ ಅವರು ಏಳುವುದಿಲ್ಲ, ಕೂತಲ್ಲೇ ತುಟಿ ಆಡಿಸುತ್ತಾರೆ.

ಬಿಸಿಲು ಇಳಿಯುವಾಗ 'ಸಲಾಮ' ಬರುತ್ತದೆ. ಡೆಕ್ಕಿನ ಮೇಲಿನ ತಲೆಗಳನ್ನು ಸೂಡಿ ಎಣಿಸುತ್ತಾರೆ, ಮತ್ತೊಮ್ಮೆ ಎಣಿಸುತ್ತಾರೆ. ತವಕಲಿ ಇದ್ದಾನೆ. ಎಡಬದಿಯ ಕೊಳವೆ ಖಾಲಿ.

"ನಿನ್ನ ಮಗನ್ನ ನೀನೇ ಇಟ್ಕೋ ಫುಂಡಿ!" ದೂರದಿಂದಲೇ ದರ್ವೇಶಿ ಕೂಗುತ್ತಾನೆ. "ಆ ಕೊಳವೇಲಿ ಕೋಲು ಇಡು ಅಂದ್ರೆ ಕತ್ತೆ ಹಂಗೆ ಹಟ ಹಿಡ್ದ. ಗಿರಾಕಿಗಳ ಮುಂದೆ ನನ್ನ ಮಾನ ಹೋಯ್ತು!"

ತವಕಲಿ ದಕ್ಕೆಗೆ ಜಿಗಿಯುತ್ತಾನೆ. ಎಂದಿನ ನಗು ಇಲ್ಲ.

"ಕೋಲು ಇಡೋಕೆ ಹೋದೆ ಬಾಬಾ. ಬೆರಳಿಗೆ ಅಂಟು ಹತ್ತಿತು, ಇನ್ನೂ ಮೆತ್ತಗಿತ್ತು. ನೀನು ಜೋತುಬಿದ್ದಿಲ್ಲ ಅಂತ ಗೊತ್ತಾಯ್ತು." ಅವನು ತಲೆ ತಗ್ಗಿಸುತ್ತಾನೆ. "ಕೈ ನಡುಗೋಕೆ ಶುರುವಾಯ್ತು. ಬಲಗಡೆ ಮೀನು ಕಚ್ಚಿದಾಗ ದೋಣಿನೇ ವಾಲ್ತು. ಇದು ಎಡಗಡೆ ಕಚ್ಚಿದ್ರೆ ಅಂತ... ಈಗ್ಲೂ ನಿಂತಿಲ್ಲ, ನೋಡು."

ಸೂಡಿ ಮಗನ ಕೈ ಹಿಡಿದು ನೋಡುತ್ತಾರೆ. ಅಪ್ಪಿಕೊಳ್ಳುವುದಿಲ್ಲ, ಬೈಯುವುದೂ ಇಲ್ಲ. ಪಾನಾ ತೆಗೆದುಕೊಂಡು 'ಸಲಾಮ'ದ ಹೊಟ್ಟೆಯೊಳಗೆ ತೂರಿಕೊಳ್ಳುತ್ತಾರೆ. ನಾನು ಹಿಂದೆಯೇ ಬಗ್ಗಿ ನೋಡಿದರೆ ಮಲಗಿದಲ್ಲೇ ಅಳುತ್ತಿದ್ದಾರೆ.

"ಬರ್ಕೋ," ಎನ್ನುತ್ತಾರೆ ನನಗೆ, ನಟ್ಟು ತಿರುವುತ್ತಲೇ. "ಇವತ್ತು ನನ್ನ ಮಗ ಹೆದರ್‍ದ. ಇಷ್ಟು ವರ್ಷ ಅಲ್ಲಾಹುನ ಹತ್ರ ನಾನು ಬೇಡ್ಕೊಂಡಿದ್ದು ಅದೊಂದೇ."