ಕಲಕಬಾರದು ಎಂದು ಬರೆಯದ ಪುಸ್ತಕಗಳು

ನಾನು ಬಿಯರ್ ಕುಡಿಯುವುದಿಲ್ಲ. ಆದರೂ ಒಂದು ಬೇಸಿಗೆಯಿಡೀ ಬಹರೈನ್‌ನ ಮಾಹೂಝ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿ ಕೂತು, ಮನೆಯಲ್ಲಿ ಬಿಯರ್ ಮಾಡಲು ಹೊಸಬರಿಗೆ ಯಾವ ಪುಸ್ತಕ, ಯಾವ ವಿಡಿಯೊ ಒಳ್ಳೆಯದು ಎಂದು ಹುಡುಕಿದೆ. ಈ ದೇಶದಲ್ಲಿ ಅದನ್ನು ಮನೆಯಲ್ಲಿ ಮಾಡುವಂತಿಲ್ಲ. ನಾನು ಮಾಡುತ್ತಲೂ ಇರಲಿಲ್ಲ, ಬರೀ ಓದುತ್ತಿದ್ದೆ. ಆದರೂ ಬಾಗಿಲ ಗಂಟೆ ಹೊಡೆದರೆ ಫೋನನ್ನು ಮಗುಚಿ ಇಡುತ್ತಿದ್ದೆ.

ಹುಡುಕಿಕೊಡು ಎಂದು ಕೇಳಿದ್ದು ಅಕ್ಕ. ಸ್ವಂತ ಅಕ್ಕನಲ್ಲ, ಎರಡು ವರ್ಷ ಇದೇ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದ ಮಂಗಳೂರು ಕಡೆಯ ನರ್ಸ್. ಈಗ ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದಳು. ಅಲ್ಲಿ ಜೊತೆಗೆ ಕೆಲಸ ಮಾಡುವವರು ವರ್ಷಕ್ಕೊಮ್ಮೆ ತಾವೇ ಮಾಡಿದ ಬಿಯರ್ ತಂದು ಸೇರುತ್ತಾರಂತೆ. ಆರು ತಿಂಗಳಾದರೂ ಯಾರ ಮನೆಗೂ ಕರೆಯಿಸಿಕೊಳ್ಳದ ಅವಳು, ಚಹಾದ ಹೊತ್ತಿನಲ್ಲಿ "ನಾವೂ ಮನೆಯಲ್ಲಿ ಮಾಡ್ತೇವೆ" ಎಂದುಬಿಟ್ಟಿದ್ದಳು. ಅವಳ ಮನೆಯಲ್ಲಿ ಮಾಡುತ್ತಿದ್ದದ್ದು ಕ್ರಿಸ್ಮಸ್ಸಿಗೆ ದ್ರಾಕ್ಷಿ ವೈನ್.

"ನೀನು ಲ್ಯಾಬಿನವಳಲ್ವಾ? ಒಳ್ಳೆದೊಂದು ಪುಸ್ತಕ ಹುಡುಕಿ ಕೊಡು ಮಾರಾಯ್ತಿ. ನನಗೆ ಓದ್ಲಿಕ್ಕೆ ಪುರುಸೊತ್ತಿಲ್ಲ."

ಇಲ್ಲೇ ರಿಫಾ ಊರಿನ ಲ್ಯಾಬಿನಲ್ಲಿ ಆಹಾರ ಪರೀಕ್ಷಿಸುವುದು ನನ್ನ ಕೆಲಸ. ಹುಡುಕಾಟ ಸುಲಭವೆಂದುಕೊಂಡಿದ್ದೆ. ಒಂದು ಪುಸ್ತಕ ಮೂರು ಅಧ್ಯಾಯ ಚರಿತ್ರೆಯನ್ನೇ ಹೇಳಿತು. ಒಂದು ವಿಡಿಯೊದಲ್ಲಿ ಗಡ್ಡದವನೊಬ್ಬ ನಾಲ್ಕು ಸ್ಟೀಲ್ ಪಾತ್ರೆಗಳ ನಡುವೆ ನಿಂತು "ಏನೂ ಬೇಕಿಲ್ಲ" ಎನ್ನುತ್ತಿದ್ದ. ಕೊನೆಗೆ ಸಿಕ್ಕ ತೆಳ್ಳನೆಯ ಪುಸ್ತಕವೊಂದು, ಯಾವ ವಾಸನೆ ಬಂದರೆ ಏನು ತಪ್ಪಾಗಿದೆ ಎಂದು ಕೋಷ್ಟಕ ಹಾಕಿ ತೋರಿಸಿತ್ತು. ಅದನ್ನೇ ಕಳಿಸಿದೆ.

ಮೊದಲ ಬಕೆಟ್ ಹುಳಿಯಾಯಿತು. ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದುಕೊಂಡು ಶುಚಿತ್ವದ ಮೇಲೆಯೇ ಇದ್ದ ಎರಡು ಲೇಖನ ಕಳಿಸಿದೆ.

"ಆಪರೇಷನ್ ಥಿಯೇಟರ್ ನರ್ಸಿಗೆ ಕೈ ತೊಳೀಲಿಕ್ಕೆ ಕಲಿಸ್ತೀಯಾ?"

ಎರಡನೆಯದೂ ಹುಳಿಯಾಯಿತು. ಕೂಟಕ್ಕೆ ಐದು ವಾರವಿತ್ತು. ಮೂರನೆಯದೂ ಕೆಟ್ಟರೆ ಮತ್ತೊಂದಕ್ಕೆ ಸಮಯವಿರಲಿಲ್ಲ. "ಅಂಗಡಿಯ ಬಾಟಲಿ ತಗೊಂಡು ಹೋಗುವುದಾ, ಜ್ವರ ಅಂತ ಹೇಳುವುದಾ?" ಎಂದಳು. ನಗುತ್ತಲೇ ಹೇಳಿದಳು, ನನಗೆ ನಗು ಬರಲಿಲ್ಲ. ಕೆಲಸದ ಬಸ್ಸಿನಲ್ಲಿ, ಊಟದ ಸರದಿಯಲ್ಲಿ, ಯೀಸ್ಟಿನ ಬಗ್ಗೆಯೇ ಓದಿದೆ. ಓದಿದಷ್ಟೂ ನನಗೆ ಗೊತ್ತಾಗದ್ದು ಬೇರೇನೋ ಇದೆ ಅನ್ನಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ, ಅವಳಿಗೆ ಸಂಜೆ, ವಿಡಿಯೊ ಕರೆ ಬಂತು. ಯಾರೋ ಡಾಕ್ಟರನ್ನು ಬೈಯುತ್ತಾ ಅವಳು ಅಡುಗೆಮನೆಗೆ ನಡೆದಳು, ಫೋನನ್ನು ಡಬ್ಬಿಗೆ ಒರಗಿಸಿದಳು, ಮೊನ್ನೆ ಹಾಕಿದ ಮೂರನೆಯ ಬಕೆಟ್ಟಿನ ಮುಚ್ಚಳ ತೆಗೆದು ಮರದ ಸೌಟು ಅದ್ದಲು ಹೋದಳು.

"ಅಕ್ಕಾ, ಏನ್ ಮಾಡ್ತಿದೀರಿ?"

"ಎಂತ? ಕಲಕುವುದು. ದಿನಾ ಕಲಕಬೇಕಲ್ಲ, ಇಪ್ಪತ್ತೊಂದು ದಿನ."

ಅವಳ ಅಮ್ಮ ವೈನಿನ ಭರಣಿಯನ್ನು ಹಾಗೆಯೇ ದಿನವೂ ಕಲಕುತ್ತಿದ್ದರಂತೆ. ಬಿಯರಿಗೆ ಅದೇ ವಿಷ: ಗಾಳಿ ಒಳಗೆ ಹೋಗುತ್ತದೆ, ಸೌಟಿನ ಬಿರುಕುಗಳಲ್ಲಿರುವ, ಹುಳಿ ಹಿಡಿಸುವ ಕ್ರಿಮಿಗಳೆಲ್ಲ ಒಳಗೆ ಹೋಗುತ್ತವೆ. ನಾನು ಕಳಿಸಿದ ಯಾವುದರಲ್ಲೂ ಕಲಕಬೇಡಿ ಎಂದು ಇರಲಿಲ್ಲ. ಏನೂ ಗೊತ್ತಿಲ್ಲದವರಿಗಾಗಿ ಬರೆದ ಪುಸ್ತಕಗಳು ಅವು. ಅಕ್ಕನಿಗೆ ವೈನ್ ಗೊತ್ತಿತ್ತು. ಅವಳಿಗೆ ಗೊತ್ತೆಂದು ನನಗೂ ಗೊತ್ತಿತ್ತು, ಅದನ್ನು ಹೇಗೆ ಮಾಡುತ್ತಿದ್ದರೆಂದು ಕೇಳಲಿಲ್ಲ.

"ಎಷ್ಟು ಸಲ ಆಯ್ತು?"

"ಇದಕ್ಕೆ ನಿನ್ನೆ ಒಂದೇ ಸಲ. ಯಾಕೆ, ಸತ್ತಿತಾ?"

"ಗೊತ್ತಿಲ್ಲ. ಮುಚ್ಚಿ. ಸೌಟು ಒಲೆಗೆ ಹಾಕಿ."

"ಇಲ್ಲಿ ಒಲೆ ಇಲ್ಲ, ಇಂಡಕ್ಷನ್."

ಅವತ್ತು ಮಧ್ಯಾಹ್ನ ಕೈಯಲ್ಲೇ ಒಂದು ಪುಟ ಬರೆದು ಫೋಟೊ ಕಳಿಸಿದೆ. ಹದಿನಾಲ್ಕು ಸಾಲು, ಎಲ್ಲವೂ ಅವಳಿಗಾಗಿ. ಅಮ್ಮ ಮಾಡುತ್ತಿದ್ದದ್ದು ಎಡಗಡೆ, ಇದಕ್ಕೆ ಮಾಡಬೇಕಾದದ್ದು ಬಲಗಡೆ. ನಂತರದ ವಾರಗಳಲ್ಲಿ ನನಗೆ ಮಾಡಲು ಏನೂ ಉಳಿಯಲಿಲ್ಲ, ಅದೇ ಕಷ್ಟವಾಯಿತು. ಲ್ಯಾಬಿನಲ್ಲಿ ಒಂದೇ ಮಾದರಿಯನ್ನು ಎರಡು ಸಲ ತೂಗಿದೆ. ಅವಳದೂ ಅದೇ ಸ್ಥಿತಿ. "ಕಲಕ್ಲಿಕ್ಕೆ ಕೈ ತುರಿಸ್ತದೆ. ಮುಚ್ಚಳಕ್ಕೆ ಆಸ್ಪತ್ರೆ ಟೇಪು ಸುತ್ತಿದ್ದೇನೆ" ಎಂದು ಸಂದೇಶ ಕಳಿಸಿದ್ದಳು.

ಕೂಟದ ಹಿಂದಿನ ದಿನ ಫೋನ್ ಮಾಡಿ, ನಾನು ಕೇಳುತ್ತಿರುವಾಗಲೇ ಬಾಟಲಿ ತೆರೆದಳು. ಬುಸ್ಸೆಂದ ಸದ್ದು, ಆಮೇಲೆ ಒಂದು ಗುಟುಕಿನ ಸದ್ದು. ನಾನು ಎಸಿಯ ಕೆಳಗೆ ನಿಂತೇ ಇದ್ದೆ.

"ಹುಳಿ ಇಲ್ಲ," ಅಂದಳು. ಮತ್ತೊಂದು ಗುಟುಕು. "ಸ್ವಲ್ಪ ತೆಳು ಉಂಟು. ಅಮ್ಮ ಕುಡಿದಿದ್ರೆ, ಸರಿ ಕಲಕ್ಲಿಲ್ಲ ಅಂತ ಹೇಳ್ತಿದ್ರು."