ಹೊಳೆಪ್ಪ ಮಾಸ್ತರರ ಪದ್ಧತಿ
ಎಂಬತ್ತಾರರಲ್ಲಿ ಹೊಸ ಶಿಕ್ಷಣ ನೀತಿ ಬಂದ ಮೇಲೆ ನಮ್ಮ ಹೈಸ್ಕೂಲಿನ ಗಣಿತದ ಹೊಳೆಪ್ಪ ಮಾಸ್ತರರು ಧಾರವಾಡದ ಒಂದು ತರಬೇತಿಯನ್ನೂ ಬಿಟ್ಟವರಲ್ಲ. ಕಲಘಟಗಿ ಬಸ್ಸಿನಿಂದ ಇಳಿಯುವಾಗ ಬಗಲಲ್ಲಿ ಸುರುಳಿ ಸುತ್ತಿದ ಚಾರ್ಟು, ಬಾಯಲ್ಲಿ ಹೊಸ ಪದ್ಧತಿಯ ಹೆಸರು. ಸೋಮವಾರ ಗುಂಪು ಚರ್ಚೆ ಜೋರಾಗಿ ನಡೆಯುತ್ತದೆ. ಶನಿವಾರದ ಹೊತ್ತಿಗೆ ಚಾರ್ಟು ಕಪಾಟಿನ ಮೇಲೆ, ಕೈಯಲ್ಲಿ ಮತ್ತೆ ಚಾಕ್‌ಪೀಸು. “ಪದ್ಧತಿ ಅಗದಿ ಛಲೋ ಐತ್ರಿ, ಪೋರ್ಶನ್ ಮುಗಿಯೂದಿಲ್ಲ” ಎನ್ನುತ್ತಾರೆ. ಅವರು ಎಂದೂ ಬಿಡದ ಒಂದು ಪದ್ಧತಿಯನ್ನು ಮಾತ್ರ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ. ಲೆಕ್ಕ ಬಿಡಿಸಿದ ಮೇಲೆ, “ಯಾರಿಗೆ ತಿಳೀಲಿಲ್ಲ?” ಎಂದು ಕೇಳಿ ಮೊದಲು ತಮ್ಮ ಕೈಯನ್ನೇ ಎತ್ತುತ್ತಾರೆ. ಹಿಂದಿನ ಬೆಂಚಿನ ಕೈಗಳು ಆಮೇಲೆ ಒಂದೊಂದಾಗಿ ಏಳುತ್ತವೆ. ಇದೇನು ಸೋಗು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದೆವು. ಒಮ್ಮೆ ನಾನೇ ಕೇಳಿಬಿಟ್ಟೆ. “ಎಂಟನೇ ಇಯತ್ತೆಯೊಳಗ ನಪಾಸಾಗಿ ಎರಡ ವರ್ಷ ಅದ ಹಿಂದಿನ ಬೆಂಚಿನ ಮ್ಯಾಲ ಕುಂತಿದ್ನಿರಿ,” ಎಂದರು. “ಒಂದ ದಿನಾನೂ ಕೈ ಎತ್ತಲಿಲ್ಲ.”