ಆ ಹುಡುಗಿ ಎದ್ದಳೇ

ಸಾಂಬ್ರಾಣಿ ವಾಸನೆ ಮೊದಲು ಬಂತೋ, ಟೀವಿಯ ಕೂಗು ಮೊದಲು ಕೇಳಿಸಿತೋ, ಖಚಿತವಾಗಿ ಹೇಳಲಾರೆ. ಶೆಟ್ಟಿಹಳ್ಳಿಯ ನಮ್ಮ ಮನೆಯ ಕೆಳಗಿನ ಬಾಡಿಗೆಯವರು ಮಂಗಳವಾರ ಸಂಜೆ ಸಾಂಬ್ರಾಣಿ ಹಾಕುತ್ತಾರೆ. ಹೊಗೆ ಮೆಟ್ಟಿಲು ಹತ್ತಿ ನಮ್ಮ ಹಾಲ್‌ಗೂ ಬರುತ್ತದೆ. ಮೊನ್ನೆ ಅದು ಬಂದಾಗ ಮಗಳು ಯಾರೋ ಹೊರದೇಶದ ಹಾಡುಗಾರ್ತಿಯ ಕಾನ್ಸರ್ಟ್ ಡಾಕ್ಯುಮೆಂಟರಿ ಹಾಕಿಕೊಂಡು ಕೂತಿದ್ದಳು. ಪರದೆ ತುಂಬ ಎತ್ತಿದ ಕೈಗಳು, ಅತ್ತು ಕೆಂಪಾದ ಮುಖಗಳು. ಆ ವಾಸನೆ, ಆ ಕೂಗು ಎರಡೂ ಹಿಂದೊಮ್ಮೆ ನನ್ನ ಮುಂದೆ ಹೀಗೇ ಸೇರಿದ್ದವು. ಆಗ ಹೊಗೆ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಸೀರೆಗೆ ಆ ವಾಸನೆ ಅಂಟಿಕೊಂಡಿತ್ತು.

ಗುಬ್ಬಿಯಲ್ಲಿ ನಮ್ಮ ಎದುರುಮನೆಯವರು ಅವರು. ನಾವು ದೊಡ್ಡಮ್ಮ ಎನ್ನುತ್ತಿದ್ದೆವು, ನೆಂಟರೇನಲ್ಲ. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದವರು, ಮಾತಿಲ್ಲದ ಮನುಷ್ಯ. ದೊಡ್ಡಮ್ಮ ಜಗಲಿಯ ಮೇಲೆ ಕೂತು ಕನಕಾಂಬರ ಕಟ್ಟಿ ಅಂಗಡಿಗೆ ಕೊಡುತ್ತಿದ್ದರು. ಗಂಡಸರು ಹಾದುಹೋದರೆ ಸೆರಗು ತಲೆಯ ಮೇಲೆ ಬರುತ್ತಿತ್ತು. ನಮ್ಮಪ್ಪನ ಹತ್ತಿರ ಏನಾದರೂ ಕೇಳಬೇಕಾದರೆ ಬಾಗಿಲ ಹಿಂದೆ ನಿಂತು ಅಮ್ಮನಿಗೆ ಹೇಳುವರು, ‘ನಿಮ್ಮೋರ್ನ ಒಂಚೂರು ಕೇಳವ್ವ.’

ಮಂಗಳವಾರ ಮಾತ್ರ ಹಾಗಲ್ಲ. ಅವತ್ತು ಸಂಜೆ ಅವರ ಮೈಮೇಲೆ ದೇವಿ ಬರುತ್ತಿದ್ದಳು, ಬೀದಿಯವರ ಬಾಯಲ್ಲಿ ಅಮ್ಮ. ಸಾಂಬ್ರಾಣಿ, ಜಾಗಟೆ, ಬಿಚ್ಚಿದ ಕೂದಲು. ಬೀದಿಯ ಹೆಂಗಸರೆಲ್ಲ ಅಲ್ಲಿ. ಗಂಡಸರೂ ಬರುತ್ತಿದ್ದರು, ಬರದಿದ್ದರೆ ಹೆಸರು ಹಿಡಿದು ಕರೆಸುತ್ತಿದ್ದಳು. ಎಲ್ಲರಿಗೂ ‘ಏನ್ಲಾ’ ಅಂತಲೇ. ಮೇಷ್ಟ್ರಿಗೂ ಏನ್ಲಾ, ಗಂಡನಿಗೂ ಏನ್ಲಾ. ಬಂದದ್ದು ಇಳಿಯುವ ಹೊತ್ತಿಗೆ ದೊಡ್ಡಮ್ಮ ಬಿದ್ದುಬಿಡುವರು. ಆಗ ನಮ್ಮಮ್ಮ ಓಡಿಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಿಂಬೆಹಣ್ಣು ಹಿಂಡಿ ಬಾಯಿಗೆ ಬಿಡುತ್ತಿದ್ದಳು. ಆ ಕೆಲಸ ಅಮ್ಮನದೇ ಎಂದು ಬೀದಿಯಲ್ಲಿ ಯಾರೂ ಹೇಳದೆಯೇ ತೀರ್ಮಾನವಾಗಿತ್ತು.

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅಪ್ಪ ನನ್ನ ಓದು ಮುಗಿಯಿತು ಎಂದಿದ್ದರು. ಕೊಬ್ಬರಿ ಮಂಡಿಯಲ್ಲಿ ರೈಟರ್ ಅವರು. ತುಮಕೂರಿಗೆ ದಿನಾ ರೈಲಲ್ಲಿ ಹೆಣ್ಣುಮಗಳನ್ನು ಕಳಿಸುವುದು ಅವರಿಗೆ ಆಗದ ಮಾತು. ಅಮ್ಮ ಅತ್ತಳು, ನಾನು ಊಟ ಬಿಟ್ಟೆ, ಏನೂ ಆಗಲಿಲ್ಲ. ಮುಂದಿನ ಮಂಗಳವಾರ ದೊಡ್ಡಮ್ಮನ ಮನೆಯ ಒಳಗಿನಿಂದ ಅಪ್ಪನ ಹೆಸರು ಕೇಳಿಸಿತು. ಬೀದಿಯಲ್ಲಿ ಯಾರೂ ಎತ್ತದ ಹೆಸರು ಅದು, ಎಲ್ಲರೂ ‘ರೈಟ್ರೇ’ ಅನ್ನುತ್ತಿದ್ದರು.

‘ಏನ್ಲಾ, ಹೆಣ್ಣು ಮಗೀನ ಒಳಗೆ ಕೂರ್ಸಿ ಏನ್ಲಾ ಮಾಡ್ತೀಯ? ಅದು ನನ್ನ ಮಗು. ರೈಲು ಹತ್ಸು.’

ಅಪ್ಪ ಒಳಗೆ ಹೋಗಿ ಮಂಡಿಯೂರಿದರು. ‘ತಪ್ಪಾಯ್ತು ತಾಯಿ.’ ನಾನು ಬಾಗಿಲಲ್ಲಿ ನಿಂತಿದ್ದೆ. ಮರುದಿನ ಬೆಳಿಗ್ಗೆ ಕಾಫಿಪುಡಿ ಸಾಲ ಕೇಳಲು ಬಂದ ದೊಡ್ಡಮ್ಮ ಎಂದಿನಂತೆ ಬಾಗಿಲ ಹಿಂದೆ, ಎಂದಿನಂತೆ ಸೆರಗು. ಅಪ್ಪನನ್ನು ಕಣ್ಣೆತ್ತಿ ನೋಡಲಿಲ್ಲ. ನನ್ನನ್ನು ನೋಡಿ ನಕ್ಕರೋ? ನಕ್ಕರು ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ. ನನಗೆ ನೆನಪಿಲ್ಲ...

ಹೀಗೆ ನಾನು ರೈಲು ಹತ್ತಿದೆ. ಪಿಯುಸಿ ಆಯಿತು, ಡಿಗ್ರಿಗೆ ಸೇರಿದೆ. ಮನಃಶಾಸ್ತ್ರ ತೆಗೆದುಕೊಂಡೆ. ಗುಂಪಿನಲ್ಲಿ ಮನುಷ್ಯರು ಹೇಗೆ ಮೈಮರೆಯುತ್ತಾರೆ ಎಂಬುದರ ಬಗ್ಗೆ ಒಂದು ಪಾಠವಿತ್ತು. ಆ ಪಾಠ ನನಗೆ ಬಹಳ ಇಷ್ಟವಾಗಿತ್ತು.

ಅಷ್ಟರಲ್ಲಿ ನಮ್ಮ ಬೀದಿಗೆ ಕೇಬಲ್ ಬಂದಿತ್ತು. ಒಂದು ಭಾನುವಾರ ಮಧ್ಯಾಹ್ನ ಇಂಗ್ಲಿಷ್ ಚಾನೆಲ್ ಒಂದರಲ್ಲಿ ಒಬ್ಬ ಹಾಡುಗಾರನ ಕಾನ್ಸರ್ಟ್ ಬಗ್ಗೆ ಡಾಕ್ಯುಮೆಂಟರಿ ಬರುತ್ತಿತ್ತು. ಬೆಳ್ಳಿಬಣ್ಣದ ಅಂಗಿ, ಬೆವರು, ಹೊಗೆ ಉಗುಳುವ ವೇದಿಕೆ. ನಾನೂ ತಮ್ಮನೂ ನೋಡುತ್ತಿದ್ದೆವು. ದೊಡ್ಡಮ್ಮ ಹೂವಿನ ಬುಟ್ಟಿ ಹಿಡಿದು ಬಂದು, ಕಟ್ಟುತ್ತಾ ಕೂತರು. ಮೊದಲಿಗೆ ಆ ಕಡೆ ನೋಡಲೇ ಇಲ್ಲ. ‘ಅಂಗಿ ಬಿಚ್ಚಾಕಿ ಕುಣೀತಾನಲ್ಲ, ಶೀತ ಆಗಲ್ವೇನೋ ಅವನ್ಗೆ?’ ಎಂದು ತಮ್ಮನನ್ನು ನಗಿಸಿದರು.

ಆಮೇಲೆ ಕ್ಯಾಮೆರಾ ಜನರ ಕಡೆ ತಿರುಗಿತು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ. ಕೂದಲು ಕೆದರಿತ್ತು, ಕತ್ತು ಒಂದೇ ಸಮನೆ ತೂಗುತ್ತಿತ್ತು, ಕಣ್ಣಗುಡ್ಡೆ ಮೇಲೆ ಹೋಗಿತ್ತು. ದೊಡ್ಡಮ್ಮನ ಕೈಯಲ್ಲಿ ದಾರ ನಿಂತಿತು.

‘ಬಂದದೆ’ ಎಂದರು. ಮೆಲ್ಲಗೆ, ತಮಗೇ ಹೇಳಿಕೊಂಡಂತೆ.

ಹುಡುಗಿ ಬಿದ್ದಳು. ಸಮವಸ್ತ್ರದ ಗಂಡಸರು ಕಂಬಿಯ ಮೇಲಿಂದ ಅವಳನ್ನು ಎಳೆದುಕೊಂಡರು. ದೊಡ್ಡಮ್ಮ ಎದ್ದೇ ನಿಂತರು, ಹೂವೆಲ್ಲ ನೆಲಕ್ಕೆ. ‘ಅಯ್ಯೋ, ಹಿಡ್ಕೊಳ್ಳಾಕೆ ಒಬ್ಬ ಹೆಂಗಸೂ ಇಲ್ವಲ್ಲೇ! ನಿಂಬೆಹಣ್ಣು ಕೊಡ್ರೋ ಮಗೀಗೆ!’

ತಮ್ಮ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಪ್ರತಿಸಲವೂ ಈ ಜಾಗದಲ್ಲಿ ‘ನಾನು ನಗಲಿಲ್ಲ’ ಎಂದು ಸೇರಿಸಿದ್ದೇನೆ. ನಾನು ವಿವರಿಸಿದೆ ಅಷ್ಟೇ. ಅದು ದೇವರಲ್ಲ ದೊಡ್ಡಮ್ಮ, ಜನ ಜಾಸ್ತಿ ಸೇರಿದಾಗ, ತಾಳ ಜೋರಾದಾಗ, ಹೊಗೆ ಹಾಕಿದಾಗ ಯಾರಿಗೆ ಬೇಕಾದರೂ ಆಗುತ್ತೆ, ನರಗಳ ವಿಷಯ ಅದು, ನಮ್ಮ ಪುಸ್ತಕದಲ್ಲೇ ಇದೆ... ಯಾರಿಗೆ ಬೇಕಾದರೂ ಎಂದಾಗ ನನ್ನ ಮನಸ್ಸಿನಲ್ಲಿ ಅವರಿದ್ದರೋ ಇಲ್ಲವೋ. ಇದ್ದರು.

ದೊಡ್ಡಮ್ಮ ತಮ್ಮನ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು.

‘ನಗಬ್ಯಾಡ ಕಣವ್ವ’ ಎಂದರು.

‘ನಾನೆಲ್ಲಿ ನಕ್ಕೆ ದೊಡ್ಡಮ್ಮ, ಹೇಳ್ದೆ ಅಷ್ಟೇ.’

ಅಷ್ಟರಲ್ಲಿ ಕರೆಂಟು ಹೋಯಿತು. ದೊಡ್ಡಮ್ಮ ಕಪ್ಪಾದ ಟೀವಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಹೂವು ಬಳಿದು ಬುಟ್ಟಿಗೆ ಹಾಕಿಕೊಂಡು ಹೋದರು.

ಮುಂದಿನ ಮಂಗಳವಾರ ಹಿಟ್ಟಿನ ಗಿರಣಿಯವರ ಹೆಂಡತಿ ಮಗಳನ್ನು ಕರೆದುಕೊಂಡು ದೊಡ್ಡಮ್ಮನ ಮನೆಗೆ ಬಂದಿದ್ದಳು. ಹುಡುಗಿ ಆಗ ತಾನೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅವಳಪ್ಪ ಗಂಡು ನೋಡಿ ಆಗಿತ್ತು. ಅವಳಿಗೆ ಓದುವ ಆಸೆ. ನನಗೆ ಆದದ್ದು ಬೀದಿಗೆಲ್ಲ ಗೊತ್ತಿತ್ತು, ಅವಳಿಗೂ ಅದೇ ಆಗಲಿ ಎಂದು ಬಂದಿದ್ದರು. ಗಿರಣಿಯವನೂ ಹೊಸ್ತಿಲ ಹೊರಗೆ ಟವೆಲ್ ಹೊದ್ದು ಕೂತಿದ್ದ, ಕರೆದರೆ ಬರಲೇಬೇಕಲ್ಲ.

ಸಾಂಬ್ರಾಣಿ ಹಾಕಿದರು. ಜಾಗಟೆ ಬಾರಿಸಿದರು. ದೊಡ್ಡಮ್ಮ ಕೂದಲು ಬಿಚ್ಚಿ ಕಣ್ಣು ಮುಚ್ಚಿ ಕೂತರು. ಜಾಗಟೆ ಜೋರಾಯಿತು. ಹೊಗೆಯಲ್ಲಿ ಎಲ್ಲರೂ ಕೆಮ್ಮತೊಡಗಿದರು. ಅಮ್ಮ ತೊಡೆ ಸರಿಮಾಡಿಕೊಂಡು ಕಾದಳು. ದೊಡ್ಡಮ್ಮನ ಭುಜ ಒಮ್ಮೆ ಅಲುಗಿತು, ನಿಂತಿತು. ಅವರು ಕಣ್ಣು ತೆರೆದರು. ಬಾಗಿಲಲ್ಲಿ ನಾನು ನಿಂತಿದ್ದೆ, ಅಪ್ಪ ಮಂಡಿಯೂರಿದಾಗ ನಿಂತಿದ್ದ ಜಾಗದಲ್ಲೇ. ನನ್ನನ್ನು ನೋಡಿ, ನಿಧಾನಕ್ಕೆ ಕೂದಲು ಗಂಟು ಹಾಕಿಕೊಂಡರು. ಸೆರಗು ತಲೆಗೆ ಎಳೆದುಕೊಂಡರು.

‘ಇವತ್ತು ಬರಲ್ಲ. ಹೋಗ್ರವ್ವ.’

ಗಿರಣಿಯವನು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಆ ಸದ್ದು ನನಗೆ ಇನ್ನೂ ಕೇಳುತ್ತದೆ.

ಆಮೇಲೆ ಯಾವ ಮಂಗಳವಾರವೂ ಬರಲಿಲ್ಲ. ಬೀದಿಯ ಗಂಡಸರಿಗೆ ಏನ್ಲಾ ಎನ್ನುವವರೇ ಇಲ್ಲವಾದರು. ಗಿರಣಿಯವರ ಮಗಳನ್ನು ಹುಲಿಯೂರುದುರ್ಗದ ಕಡೆಗೆ ಕೊಟ್ಟರು.

ಇಷ್ಟು ಅಚ್ಚುಕಟ್ಟಾಗಿ ಒಂದರ ಹಿಂದೆ ಒಂದು ಕೂತರೆ ನನಗೇ ಅನುಮಾನ. ಬಹುಶಃ ದೊಡ್ಡಮ್ಮನಿಗೆ ವಯಸ್ಸಾಗಿತ್ತು. ಆ ವರ್ಷವೇ ಅವರ ಗಂಡ ಹಾಸಿಗೆ ಹಿಡಿದಿದ್ದರು, ಅದೂ ಕಾರಣವಿರಬಹುದು. ಎಲ್ಲವನ್ನೂ ನನ್ನ ಒಂದು ಮಾತಿಗೆ ಕಟ್ಟುವುದೂ ಒಂದು ಬಗೆಯ ಜಂಬವೇ ಇರಬೇಕು. ಹೀಗೆಲ್ಲ ಯೋಚಿಸುತ್ತೇನೆ. ಆದರೆ ಅವರು ಕಣ್ಣು ತೆರೆದು ನೋಡಿದ್ದು ನನ್ನನ್ನೇ.

ಗಿರಣಿಯವರ ಮಗಳು ವರ್ಷಗಳ ಮೇಲೆ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಫ್ಯಾನ್ಸಿ ಸ್ಟೋರ್ ಇಟ್ಟಿದ್ದಾಳಂತೆ, ಬಳೆ ಚೀಲ ಹೊತ್ತಿದ್ದಳು. ಗಟ್ಟಿಯಾಗಿ ನಗುವವಳು. ‘ನೀನೇ ಅದೃಷ್ಟವಂತೆ ಕಣೇ, ನಿನಗೆ ಅಮ್ಮ ಹೇಳಿದ್ಲು. ನನ್ ಟೈಮಿಗೆ ಬರ್ಲೇ ಇಲ್ಲ ನೋಡು’ ಎಂದು ನನ್ನ ಬೆನ್ನಿಗೆ ಗುದ್ದಿದಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಬಸ್ ಬಂತು ಎಂದು ಸುಳ್ಳು ಹೇಳಿ, ಯಾವುದೋ ಬಸ್ ಹತ್ತಿಬಿಟ್ಟೆ.

ದೊಡ್ಡಮ್ಮನನ್ನು ಕೊನೆಯ ಸಲ ನೋಡಿದ್ದು ಮಗಳು ಹುಟ್ಟಿದ ಮೇಲೆ, ಗುಬ್ಬಿಗೆ ಹೋಗಿದ್ದಾಗ. ಕಾಲು ಊದಿತ್ತು, ಹೂವು ಕಟ್ಟುವುದು ಬಿಟ್ಟಿದ್ದರು. ಅವರ ಮುಂದೆ ಹೇಳಬೇಕೆಂದು ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಅವರು ಮಗುವಿನ ತಲೆ ಸವರುತ್ತಾ ಕೇಳಿದರು:

‘ಅವತ್ತು ಟೀವೀಲಿ ಬಿದ್ದೋದ್ಲಲ್ಲವ್ವ ಒಂದು ಹುಡ್ಗಿ. ಕರೆಂಟ್ ಹೋಯ್ತು. ಎದ್ಲಾ?’

‘ಎದ್ಲು ದೊಡ್ಡಮ್ಮ’ ಎಂದೆ.

‘ಸದ್ಯ. ಬುಡು.’

ಅವರು ತೀರಿಹೋದಾಗ ಅಮ್ಮ ಫೋನ್ ಮಾಡಿದ್ದಳು. ನಾನು ಹೋಗಲಿಲ್ಲ, ಮಗುವಿಗೆ ಜ್ವರ ಎಂದೆ. ಜ್ವರ ಇತ್ತು, ಹೋಗಬಹುದಾದಷ್ಟೇ ಇತ್ತು. ಆ ಮನೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ.

ಮೊನ್ನೆ ಮಗಳು ಸ್ನಾನಕ್ಕೆ ಹೋದಾಗ ಆ ಹಳೆಯ ಡಾಕ್ಯುಮೆಂಟರಿಯನ್ನು ಫೋನಿನಲ್ಲಿ ಹುಡುಕಿದೆ. ಸಿಕ್ಕಿತು. ಹುಡುಗಿಯೂ ಸಿಕ್ಕಿದಳು, ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕವಳು. ಬೀಳುತ್ತಾಳೆ, ಎಳೆದುಕೊಳ್ಳುತ್ತಾರೆ. ಕ್ಯಾಮೆರಾ ಹಾಡುಗಾರನ ಕಡೆಗೆ ತಿರುಗುತ್ತದೆ. ಓಡಿಸಿ ಓಡಿಸಿ ನೋಡಿದೆ, ಕೊನೆಯವರೆಗೂ ಅವಳ ಕಡೆಗೆ ಮತ್ತೆ ಬರುವುದೇ ಇಲ್ಲ. ಕರೆಂಟು ಇದ್ದಿದ್ದರೂ ದೊಡ್ಡಮ್ಮನಿಗೆ ಏನೂ ಕಾಣಿಸುತ್ತಿರಲಿಲ್ಲ.

ಮಗಳು ಬಂದು ತನ್ನ ಡಾಕ್ಯುಮೆಂಟರಿಯನ್ನು ಬಿಟ್ಟಲ್ಲಿಂದ ಹಾಕಿದಳು. ಹಾಡುಗಾರ್ತಿ ಪಿಯಾನೋ ಮುಂದೆ ಕೂತಳು, ಜನ ಸುಮ್ಮನಾದರು. ಮಗಳ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ. ಕತ್ತು ಸಣ್ಣಗೆ ತೂಗುತ್ತಿತ್ತು. ಕೆಳಗಿನಿಂದ ಹೊಗೆ ಇನ್ನೂ ಬರುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದೆ, ಒಂದು ಮಾತೂ ಆಡಿರಲಿಲ್ಲ. ಅವಳು ತಟ್ಟನೆ ನನ್ನ ಕಡೆ ತಿರುಗಿದಳು.

‘ನಗ್ಬೇಡ ಅಮ್ಮ.’

ನಾನೆಲ್ಲಿ ನಕ್ಕೆ ಎನ್ನಲು ಹೊರಟವಳು ಕೈಯೆತ್ತಿ ಬಾಯಿ ಮುಟ್ಟಿಕೊಂಡೆ. ತುಟಿಯ ಒಂದು ಮೂಲೆ ಮೇಲಕ್ಕೆ ಹೋಗಿತ್ತು.